ಒಂದೇ ಬಾಡಿ, ಮೂರು ಸೂಜಿ: ಕಾರ್ಟ್ರಿಜ್‌ಗಳ ದನಿಯನ್ನು ನ್ಯಾಯವಾಗಿ ಹೋಲಿಸುವುದು ಹೇಗೆ?

ತಿರುಗುಮಣೆ:

"ಇದರ ದನಿ ವಾರ್ಮ್, ಅದರದು ಬ್ರೈಟ್" ಎಂಬ ಮಾತುಗಳಿಂದ ರೆಕಾರ್ಡ್ ಪ್ಲೇಯರ್‌ನ ಕಾರ್ಟ್ರಿಜ್ (ಸೂಜಿಯ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ. ಯಾವ ಆರ್ಮ್ (ಕಾರ್ಟ್ರಿಜ್ ಹೊರುವ ತೋಳು), ಸೂಜಿಯ ಮೇಲೆ ಎಷ್ಟು ಭಾರ, ಯಾವ ಫೋನೋ ಸ್ಟೇಜ್ (ಆ ಸಣ್ಣ ಸಂಕೇತವನ್ನು ಹಿಗ್ಗಿಸುವ ಸಾಧನ) ಎಂದು ಹೇಳದೆ ಹೋಲಿಸಿದರೆ ನಾವು ಹೋಲಿಸುತ್ತಿರುವುದು ಕಾರ್ಟ್ರಿಜ್‌ಗಳನ್ನೇ ಅಲ್ಲ. ಅದಕ್ಕೇ ಈ ಚರ್ಚೆಯ ಎಳೆ.

ಶುರುಮಾಡಲು ಒಳ್ಳೆಯ ಜಾಗ ಆಡಿಯೋ-ಟೆಕ್ನಿಕಾದ ವಿಎಂ95 ಸಾಲು. ಬಾಡಿ ಒಂದೇ, ಒಳಗಿನ ಕಾಯಿಲ್ ಒಂದೇ. ಮುಂದಿನ ಸೂಜಿಯ ಭಾಗವನ್ನಷ್ಟೇ ಎಳೆದು ಬೇರೆಯದನ್ನು ಸಿಕ್ಕಿಸಬಹುದು. ನೀಲಿ ಬಣ್ಣದ್ದು ದುಂಡು ಮೊನೆಯ ಕೋನಿಕಲ್ (ಸಿ), ಹಸಿರು ಅಂಡಾಕಾರದ ಎಲಿಪ್ಟಿಕಲ್ (ಇ), ಕೆಂಪು ತೆಳು ಅಂಚಿನ ಮೈಕ್ರೋಲೈನ್ (ಎಂಎಲ್). ಹೆಡ್‌ಶೆಲ್‌ನಿಂದ (ಆರ್ಮ್‌ನ ತುದಿಯಲ್ಲಿ ಕಾರ್ಟ್ರಿಜ್ ಕೂರಿಸುವ ಭಾಗ) ಕಾರ್ಟ್ರಿಜ್ ಬಿಚ್ಚುವ, ತಂತಿ ಬದಲಿಸುವ ಕೆಲಸವಿಲ್ಲ. ಬಾಡಿ, ಕೇಬಲ್, ಲೋಡ್ (ಫೋನೋ ಸ್ಟೇಜ್ ಒಡ್ಡುವ ವಿದ್ಯುತ್ ತಡೆ) ಹಾಗೇ ಉಳಿಯುವುದರಿಂದ ಕೇಳಿಸುವ ವ್ಯತ್ಯಾಸ ಬಹುಪಾಲು ಸೂಜಿಯದ್ದು ಮತ್ತು ಅದನ್ನು ಹಿಡಿದ ಪುಟ್ಟ ಕಡ್ಡಿ ಕ್ಯಾಂಟಿಲಿವರ್‌ನದ್ದು.

ಟೆಕ್ನಿಕ್ಸ್ ಎಸ್‌ಎಲ್-1200 ಮಾದರಿಯ 12 ಗ್ರಾಂ ಎಫೆಕ್ಟಿವ್ ಮಾಸ್‌ನ (ಅಲುಗುವಾಗ ಸೂಜಿಗೆ ಅನುಭವವಾಗುವ ಆರ್ಮ್‌ನ ತೂಕ) ಆರ್ಮ್, 2 ಗ್ರಾಂ ಭಾರ, 47 ಕಿಲೋಓಮ್ ಲೋಡ್ ಇಟ್ಟುಕೊಂಡರೆ ಫಲಿತಾಂಶ ಹೀಗಿರುತ್ತದೆ. ಎಲ್‌ಪಿಯ ಮೊದಲ ಹಾಡಿನಲ್ಲಿ ಸಿ, ಇ, ಎಂಎಲ್ ನಡುವಿನ ಅಂತರ ಜನ ಹೇಳುವುದಕ್ಕಿಂತ ತೀರಾ ಕಡಿಮೆ. ಕೊನೆಯ ಹಾಡಿನಲ್ಲಿ ಯಾರಿಗೂ ಗೊತ್ತಾಗುವಷ್ಟು ಹೆಚ್ಚು. ಕೋನಿಕಲ್‌ನಲ್ಲಿ "ಸ", "ಶ", "ಚ" ಹರಿದು ಕೇಳಿಸುತ್ತವೆ, ಎಲಿಪ್ಟಿಕಲ್‌ನಲ್ಲಿ ಅಂಚು ಒರಟಾಗುತ್ತದೆ, ಮೈಕ್ರೋಲೈನ್‌ನಲ್ಲಿ ಮೊದಲ ಹಾಡಿಗೂ ಕೊನೆಯದಕ್ಕೂ ಹೆಚ್ಚು ಫರಕಿಲ್ಲ.

ಈ ಸಾಲಿನ ಹೊರಗಿನವುಗಳಲ್ಲಿ ಆರ್ಟೊಫೋನ್ 2ಎಂ ರೆಡ್ ಮತ್ತು ಡೆನಾನ್ ಡಿಎಲ್-103 ಸೇರಿಸೋಣ. ನಮ್ಮಲ್ಲಿ ಹೆಚ್ಚು ಚರ್ಚೆಯಾಗುವುದು ಇವೇ.

ಮೈಕ್ರೋಫ್ಯಾರಡ್:

ಒಳ್ಳೆಯ ಆರಂಭ ಸರ್. ಆದರೆ ಮೊದಲ ತಪ್ಪು ನಡೆಯುವುದು ವಾಲ್ಯೂಮ್‌ನಲ್ಲಿ. ವಿಎಂ95ಇ ಔಟ್‌ಪುಟ್ 4 ಮಿಲಿವೋಲ್ಟ್, ಎಂಎಲ್ 3.5, 2ಎಂ ರೆಡ್ 5.5. ಇ ಮತ್ತು ರೆಡ್ ನಡುವೆ ಸುಮಾರು 2.8 ಡೆಸಿಬೆಲ್, ಇ ಮತ್ತು ಎಂಎಲ್ ನಡುವೆ 1.2 ಡೆಸಿಬೆಲ್ ಅಂತರ. ವಾಲ್ಯೂಮ್ ಗುಬುಟು ಮುಟ್ಟದೆ ಬದಲಿಸಿದರೆ ಜೋರಾಗಿರುವುದೇ "ಜೀವಂತ", "ಬೇಸ್ ಚೆನ್ನಾಗಿದೆ" ಎಂದು ಅನ್ನಿಸುವುದು ಖಚಿತ. ರೆಡ್ ಬಗ್ಗೆ ಬರುವ ಅರ್ಧದಷ್ಟು ಹೊಗಳಿಕೆ ಈ 2.8 ಡೆಸಿಬೆಲ್‌ನದ್ದು ಎಂಬುದು ನನ್ನ ಅಭಿಪ್ರಾಯ.

ಟೆಸ್ಟ್ ರೆಕಾರ್ಡ್ ಇದ್ದರೆ 1 ಕಿಲೋಹರ್ಟ್ಜ್ ಟೋನ್ ಹಾಕಿ, ಆಂಪ್ಲಿಫೈಯರ್‌ನ ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್‌ನ ಎಸಿ ವೋಲ್ಟ್ ಓದಿ. ಆ ಓದು 2 ಶೇಕಡಾ ಒಳಗೆ ಹೊಂದಿದರೆ ವ್ಯತ್ಯಾಸ 0.2 ಡೆಸಿಬೆಲ್‌ಗಿಂತ ಕಡಿಮೆ, ಅಷ್ಟು ಸಾಕು. ಎಡ, ಬಲ ಎರಡನ್ನೂ ಬೇರೆ ಬೇರೆ ಅಳೆಯಿರಿ. ಕಡಿಮೆ ಬೆಲೆಯ ಕಾರ್ಟ್ರಿಜ್‌ಗಳಲ್ಲಿ ಎರಡು ಚಾನೆಲ್‌ಗಳ ನಡುವೆಯೇ 1 ಡೆಸಿಬೆಲ್ ಹೆಚ್ಚುಕಡಿಮೆ ಇರುವುದು ಸಾಮಾನ್ಯ, ಗಾಯಕರು ನಡುವಿನಿಂದ ಒಂದು ಪಕ್ಕಕ್ಕೆ ಸರಿದ ಹಾಗೆ ಕೇಳಿಸಲು ಅದೇ ಸಾಕು.

ಎರಡನೆಯದು ಕೆಪಾಸಿಟೆನ್ಸ್, ಅಂದರೆ ಕೇಬಲ್ ಮತ್ತು ಫೋನೋ ಸ್ಟೇಜ್ ವಿದ್ಯುದಾವೇಶ ಹಿಡಿದಿಡುವ ಗುಣ. ಇದನ್ನು ಯಾರೂ ಬರೆಯುವುದೇ ಇಲ್ಲ. ಮೂವಿಂಗ್ ಮ್ಯಾಗ್ನೆಟ್ (ಸೂಜಿಯೊಂದಿಗೆ ಅಯಸ್ಕಾಂತ ಅಲುಗುವ, ವಿಎಂ95, 2ಎಂ ಮಾದರಿಯ) ಕಾರ್ಟ್ರಿಜ್‌ನ ಕಾಯಿಲ್ ಮತ್ತು ಕೇಬಲ್‌ನ ಕೆಪಾಸಿಟೆನ್ಸ್ ಸೇರಿ ಒಂದು ಅನುರಣನ ಉಂಟಾಗುತ್ತದೆ. ವಿಎಂ95ಇಯ ಇಂಡಕ್ಟೆನ್ಸ್ 550 ಮಿಲಿಹೆನ್ರಿ. ಒಟ್ಟು 200 ಪಿಕೋಫ್ಯಾರಡ್ ಇದ್ದರೆ ಅನುರಣನ 15 ಕಿಲೋಹರ್ಟ್ಜ್ ಹತ್ತಿರ. ಉಬ್ಬು 1 ಡೆಸಿಬೆಲ್ ಕೂಡ ಇಲ್ಲ. ಅದೇ 400 ಆದರೆ 9 ಕಿಲೋಹರ್ಟ್ಜ್ ಸುತ್ತ 2ರಿಂದ 3 ಡೆಸಿಬೆಲ್ ಉಬ್ಬಿ, ಆಮೇಲೆ ಸರ್ರನೆ ಇಳಿಯುತ್ತದೆ. ಆ ಉಬ್ಬು "ಸ"ಕಾರದ ಪ್ರದೇಶಕ್ಕೇ ತಾಗುತ್ತದೆ. ಕಂಪನಿ 100ರಿಂದ 200 ಎಂದು ಬರೆದಿರುವುದು ಇದಕ್ಕೇ. 2ಎಂ ರೆಡ್‌ಗೆ ಇಂಡಕ್ಟೆನ್ಸ್ 700, ಶಿಫಾರಸು 150ರಿಂದ 300. ಒಂದೇ ಫೋನೋ ಸ್ಟೇಜ್‌ನಲ್ಲಿ ಒಟ್ಟು 350 ಇದ್ದರೆ ಎರಡೂ ಮಿತಿ ಮೀರಿವೆ, ಆಗ ಹೋಲಿಕೆಗೆ ಅರ್ಥವಿಲ್ಲ.

ಕೆರೆದಂಡೆ:

ಒಟ್ಟು ಎಷ್ಟಿದೆ ಎಂದು ತಿಳಿಯುವುದು ಹೇಗೆ? ನನ್ನ ಫೋನೋ ಸ್ಟೇಜ್‌ನ ಪುಸ್ತಕದಲ್ಲಿ 220 ಎಂದಿದೆ, ಕೇಬಲ್ ಬಗ್ಗೆ ಏನೂ ಇಲ್ಲ.

ಮೈಕ್ರೋಫ್ಯಾರಡ್:

ಆರ್ಮ್ ಒಳಗಿನ ತಂತಿ, ಆರ್‌ಸಿಎ ಕೇಬಲ್, ಫೋನೋ ಸ್ಟೇಜ್ ಮೂರನ್ನೂ ಕೂಡಬೇಕು. ಸಾಮಾನ್ಯ ಆರ್‌ಸಿಎ ಕೇಬಲ್ ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸು. ಕೆಪಾಸಿಟೆನ್ಸ್ ಅಳೆಯುವ ಮೀಟರ್ ಇದ್ದರೆ ಹೆಡ್‌ಶೆಲ್ ಕಳಚಿ, ಕೇಬಲ್‌ನ ಇನ್ನೊಂದು ತುದಿಯನ್ನು ಫೋನೋ ಸ್ಟೇಜ್‌ನಿಂದ ಕಿತ್ತು, ಪ್ಲಗ್‌ನ ನಡು ಪಿನ್ನಿಗೂ ಹೊರ ಉಂಗುರಕ್ಕೂ ಮೀಟರ್ ಹಿಡಿಯಿರಿ. ಕಾರ್ಟ್ರಿಜ್ ಜೋಡಿಸಿದ್ದರೆ ಓದು ಸುಳ್ಳು. ಬಂದ ಅಂಕಿಗೆ 220 ಸೇರಿಸಿ. ನಿಮ್ಮಲ್ಲಿ ಒಟ್ಟು 320 ಮೀರುವುದು ಬಹುತೇಕ ಖಚಿತ. ಒಳಗೆ ಕೆಪಾಸಿಟೆನ್ಸ್ ಸ್ವಿಚ್ ಇದ್ದರೆ 50 ಅಥವಾ 100ಕ್ಕೆ ಇಳಿಸಿ. ಇಲ್ಲದಿದ್ದರೆ ಕೇಬಲ್ ಅರ್ಧ ಮೀಟರಿಗೆ ತನ್ನಿ.

ಡಿಎಲ್-103ಕ್ಕೆ ಈ ತಲೆನೋವಿಲ್ಲ, ಅದು ಅಯಸ್ಕಾಂತದ ಬದಲು ಕಾಯಿಲ್ ಅಲುಗುವ ಮಾದರಿ, ಕಾಯಿಲ್ ತೀರಾ ಚಿಕ್ಕದು. ಆದರೆ ಔಟ್‌ಪುಟ್ 0.3 ಮಿಲಿವೋಲ್ಟ್ ಮಾತ್ರ. ಮೂವಿಂಗ್ ಮ್ಯಾಗ್ನೆಟ್‌ಗೆ 40 ಡೆಸಿಬೆಲ್ ಗೇನ್ (ಹಿಗ್ಗಿಸುವ ಪ್ರಮಾಣ) ಸಾಕಾದರೆ ಇದಕ್ಕೆ 60 ಬೇಕು, ಲೋಡ್ 100 ಓಮ್ ಅಥವಾ ಹೆಚ್ಚು. ಕಡಿಮೆ ಗೇನ್‌ನಲ್ಲಿ ಹಾಕಿ ವಾಲ್ಯೂಮ್ ಏರಿಸಿದರೆ ಕೇಳುವುದು ಫೋನೋ ಸ್ಟೇಜ್‌ನ ಹಿಸ್ಸ್.

ಜೀವಾಳ:

ಅಳತೆ ಸರಿ. ಆದರೆ ಏನನ್ನು ಕೇಳಬೇಕು ಎನ್ನುವುದೂ ಮುಖ್ಯ. ಇಂಗ್ಲಿಷ್ ವಿಮರ್ಶೆಗಳು ಡ್ರಮ್ ಸಿಂಬಲ್, ಪಿಯಾನೋ ಇಟ್ಟುಕೊಂಡು ಬರೆಯುತ್ತವೆ. ಕರ್ನಾಟಕ ಸಂಗೀತ ಕೇಳುವವರು ಇವನ್ನು ಗಮನಿಸಿ:

ತಂಬೂರಿಯ ಜೀವಾಳದ (ತಂತಿಯ ಕೆಳಗೆ ಇಡುವ ನೂಲೆಳೆಯ) ಮೇಲ್‌ಸ್ವರಗಳು. ಸೂಜಿ ಸರಿಯಾಗಿ ಓದಿದರೆ ಪ್ರತಿ ತಂತಿ ಮೀಟಿದ ಮೇಲೆ ಆ ಝೇಂಕಾರ ಎಳೆಎಳೆಯಾಗಿ ಇಳಿಯುವುದು ಕೇಳುತ್ತದೆ. ಸವೆದ ಅಥವಾ ಕೋನಿಕಲ್ ಸೂಜಿಯಲ್ಲಿ ಅದು ಒಂದೇ ಗುಂಯ್ ಆಗಿಬಿಡುತ್ತದೆ. ಮೃದಂಗದ ಬಲಗಡೆಯ ಚಾಪು ಒಂದು ಕಡೆ, ಎಡಗಡೆಯ ತೊಪ್ಪಿಯ ಗುಮುಕಿ ಇನ್ನೊಂದು ಕಡೆ. ಆರ್ಮ್ ಮತ್ತು ಕಾರ್ಟ್ರಿಜ್ ಹೊಂದದಿದ್ದರೆ ಗುಮುಕಿ ಉಬ್ಬಿ ಚಾಪನ್ನು ನುಂಗುತ್ತದೆ. ನಾಗಸ್ವರ ಇದ್ದರೆ ಕಠಿಣ ಪರೀಕ್ಷೆ: ಮೇಲ್‌ಸ್ಥಾಯಿಯ ಜೋರಾದ ಉದ್ದ ಸ್ವರದಲ್ಲಿ ಕರಕರ ಬಂದರೆ ಸೂಜಿ ಗ್ರೂವ್‌ನ (ತಟ್ಟೆಯ ಮೇಲೆ ಕೊರೆದ ಗೆರೆಯ) ಗೋಡೆ ಬಿಡುತ್ತಿದೆ.

ಡಿಎಲ್-103 ಬಗ್ಗೆ ಒಂದು ಮಾತು. 1962ರ ಸುಮಾರಿಗೆ ಜಪಾನಿನ ಎನ್‌ಎಚ್‌ಕೆ ಪ್ರಸಾರ ಸಂಸ್ಥೆಗಾಗಿ ಮಾಡಿದ ಕಾರ್ಟ್ರಿಜ್ ಅದು, ಸೂಜಿ ಕೋನಿಕಲ್. ತಿರುಗುಮಣೆಯವರ ಲೆಕ್ಕದಲ್ಲಿ ಕೋನಿಕಲ್ ಎಂದರೆ ಕೆಳದರ್ಜೆ ಅನ್ನಿಸಬಾರದು. ಗಾಯನದ ಮಧ್ಯಸ್ಥಾಯಿ ಅದರಲ್ಲಿ ಬರುವ ಹಾಗೆ ವಿಎಂ95 ಸಿಯಲ್ಲಿ ಬರುವುದಿಲ್ಲ. ಸೂಜಿಯ ಆಕಾರವೊಂದೇ ದನಿಯಲ್ಲ.

ತಿರುಗುಮಣೆ:

ಒಪ್ಪಿದೆ ಮೇಡಂ, ಕೆಳದರ್ಜೆ ಎನ್ನಲಿಲ್ಲ. ಆದರೆ ಒಳ ಗ್ರೂವ್‌ನ ಗಣಿತದಿಂದ ಡಿಎಲ್-103 ಕೂಡ ತಪ್ಪಿಸಿಕೊಳ್ಳಲಾರದು.

ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿ ತಟ್ಟೆಯ ಹೊರ ಅಂಚಿನಲ್ಲಿ ತ್ರಿಜ್ಯ ಸುಮಾರು 146 ಮಿಲಿಮೀಟರ್; ಗ್ರೂವ್ ಸೂಜಿಯ ಕೆಳಗೆ ಸೆಕೆಂಡಿಗೆ 51 ಸೆಂಟಿಮೀಟರ್ ಓಡುತ್ತದೆ. ಒಳಗೆ 60 ಮಿಲಿಮೀಟರ್‌ಗೆ ಬಂದಾಗ ಅದು 21 ಸೆಂಟಿಮೀಟರ್. ಅಲ್ಲಿ 10 ಕಿಲೋಹರ್ಟ್ಜ್‌ನ ಒಂದು ಪೂರ್ಣ ಅಲೆಯ ಉದ್ದ ಕೇವಲ 21 ಮೈಕ್ರಾನ್. ಡಿಎಲ್-103ರ ಸೂಜಿಯ ತ್ರಿಜ್ಯ 16.5 ಮೈಕ್ರಾನ್. ಅಷ್ಟು ದಪ್ಪದ ಮೊನೆ ಆ ಅಲೆಯ ತಗ್ಗಿಗೆ ಇಳಿಯುವುದಿಲ್ಲ, ಮೇಲಿಂದ ಸವರಿಕೊಂಡು ಹೋಗುತ್ತದೆ. ವಿಎಂ95ಇಯ ಪಕ್ಕದ ತ್ರಿಜ್ಯ 0.3 ಮಿಲ್, ಅಂದರೆ 7.6 ಮೈಕ್ರಾನ್, ಎಂಎಲ್‌ನದ್ದು 0.12 ಮಿಲ್, 3 ಮೈಕ್ರಾನ್. ಕೊನೆಯ ಹಾಡಿನಲ್ಲಿ ಕೇಳುವ ಅಂತರ ಇದೇ.

45 ಸುತ್ತಿನ ಚಿಕ್ಕ ತಟ್ಟೆಗಳಾದ ಇಪಿಗಳಲ್ಲಿ ಗ್ರೂವ್ ಹೆಚ್ಚು ವೇಗವಾಗಿ ಓಡುವುದರಿಂದ ಈ ಕಷ್ಟ ಕಡಿಮೆ.

ಗ್ರಾಂತಕ್ಕಡಿ:

ಜೀವಾಳ ಅವರು ಹೇಳಿದ ಉಬ್ಬಿದ ಗುಮುಕಿಗೆ ಲೆಕ್ಕವಿದೆ. ಆರ್ಮ್‌ನ ಎಫೆಕ್ಟಿವ್ ಮಾಸ್, ಕಾರ್ಟ್ರಿಜ್, ಸ್ಕ್ರೂ ಎಲ್ಲದರ ಭಾರ ಗ್ರಾಂನಲ್ಲಿ ಕೂಡಿ. ಅದನ್ನು ಕಂಪ್ಲಯನ್ಸ್‌ನಿಂದ (ಕ್ಯಾಂಟಿಲಿವರ್ ಎಷ್ಟು ಸುಲಭವಾಗಿ ಬಾಗುತ್ತದೆ ಎಂಬ ಅಂಕಿ) ಗುಣಿಸಿ. ವರ್ಗಮೂಲ ತೆಗೆದು 159ನ್ನು ಅದರಿಂದ ಭಾಗಿಸಿ. ಉತ್ತರ, ಅಂದರೆ ಆರ್ಮ್ ಮತ್ತು ಕಾರ್ಟ್ರಿಜ್ ಸೇರಿ ಅನುರಣಿಸುವ ಆವರ್ತನ, 8ರಿಂದ 12 ಹರ್ಟ್ಜ್ ನಡುವೆ ಇರಬೇಕು. 8ಕ್ಕಿಂತ ಕೆಳಗಿಳಿದರೆ ಸೊಟ್ಟ ತಟ್ಟೆಗಳಲ್ಲಿ ಆರ್ಮ್ ಕುಣಿಯುತ್ತದೆ, ಸ್ಪೀಕರ್ ಕೋನ್ ಶಬ್ದವಿಲ್ಲದೆ ಒಳಹೊರಗೆ ಅಲುಗುತ್ತದೆ. 12 ದಾಟಿದರೆ ಬೇಸ್‌ನ ತಳಕ್ಕೆ ಹತ್ತಿರವಾಗುತ್ತದೆ.

ಇಲ್ಲಿ ಎಲ್ಲರೂ ಎಡವುವುದು ಕಂಪ್ಲಯನ್ಸ್ ಅಂಕಿಯಲ್ಲಿ. ಜಪಾನಿ ಕಂಪನಿಗಳು 100 ಹರ್ಟ್ಜ್‌ನಲ್ಲಿ ಅಳೆದು ಬರೆಯುತ್ತವೆ. ಅದನ್ನು 10 ಹರ್ಟ್ಜ್‌ಗೆ ತರಲು 1.5ರಿಂದ 2ರವರೆಗೆ ಗುಣಿಸಬೇಕು, ನಾನು 1.7 ಹಿಡಿಯುತ್ತೇನೆ. 12 ಗ್ರಾಂ ಆರ್ಮ್‌ಗೆ:

ವಿಎಂ95ಇ: ಬರೆದದ್ದು 7, ಲೆಕ್ಕಕ್ಕೆ 12. ಕಾರ್ಟ್ರಿಜ್ 6.1 ಗ್ರಾಂ, ಸ್ಕ್ರೂ ಸೇರಿ ಒಟ್ಟು ಸುಮಾರು 19. ಉತ್ತರ 10.5 ಹರ್ಟ್ಜ್. ಬಹಳ ಚೆನ್ನ.
2ಎಂ ರೆಡ್: ಇದು ಜಪಾನಿನದ್ದಲ್ಲ, 20 ಎಂದು ಬರೆದದ್ದನ್ನು ಹಾಗೇ ಹಿಡಿಯಿರಿ. 7.2 ಗ್ರಾಂ, ಒಟ್ಟು 20. ಉತ್ತರ 8 ಹರ್ಟ್ಜ್. ಅಂಚಿನಲ್ಲಿದೆ, ಹಗುರ ಹೆಡ್‌ಶೆಲ್ ಹಾಕಿದರೆ ಒಳ್ಳೆಯದು.
ಡಿಎಲ್-103: ಬರೆದದ್ದು 5, ಲೆಕ್ಕಕ್ಕೆ 8.5. ಒಟ್ಟು 21. ಉತ್ತರ 11.9 ಹರ್ಟ್ಜ್. 6 ಗ್ರಾಂ ಹೆಚ್ಚು ತೂಗುವ ಹೆಡ್‌ಶೆಲ್ ಹಾಕಿದರೆ 10.5ಕ್ಕೆ ಬರುತ್ತದೆ.

ಹಾಗಾಗಿ ಮೂರನ್ನೂ ಒಂದೇ ಹೆಡ್‌ಶೆಲ್‌ನಲ್ಲಿ ಹಾಕಿ ಹೋಲಿಸುವುದು ಮೇಲ್ನೋಟಕ್ಕೆ ನ್ಯಾಯ, ನಿಜದಲ್ಲಿ ಡಿಎಲ್-103ಕ್ಕೆ ಅನ್ಯಾಯ.

ಕೆರೆದಂಡೆ:

ಕಾರ್ಟ್ರಿಜ್ ಬದಲಿಸಿದಾಗ ಅಲೈನ್‌ಮೆಂಟ್ (ಸೂಜಿಯ ಜಾಗ, ಕೋನ ಹೊಂದಿಸುವುದು) ಪ್ರತಿ ಸಲ ಮೊದಲಿನಿಂದ ಮಾಡಬೇಕೆ? ಟೆಕ್ನಿಕ್ಸ್ ಜೊತೆ ಬರುವ ಪ್ಲಾಸ್ಟಿಕ್ ಗೇಜ್ ಸಾಕಾಗುವುದಿಲ್ಲವೆ?

ಗ್ರಾಂತಕ್ಕಡಿ:

ಬಾಡಿ ಬದಲಾದರೆ ಮಾಡಲೇಬೇಕು. ವಿಎಂ95 ಸೂಜಿ ಮಾತ್ರ ಬದಲಿಸಿದರೂ ಒಮ್ಮೆ ನೋಡಿ, ಕ್ಯಾಂಟಿಲಿವರ್ ಕೂರುವುದರಲ್ಲಿ ಸೂಜಿಯಿಂದ ಸೂಜಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಎಂಎಲ್ ತಪ್ಪನ್ನು ಸಹಿಸುವುದಿಲ್ಲ, ಕೋನಿಕಲ್ ಬಹಳಷ್ಟನ್ನು ಸಹಿಸುತ್ತದೆ. ಅಡ್ಡಾದಿಡ್ಡಿ ಕೂರಿಸಿ ಹೋಲಿಸಿದರೆ ಸೋಲುವುದು ದುಬಾರಿ ಸೂಜಿಯೇ.

ಟೆಕ್ನಿಕ್ಸ್ ಗೇಜ್ ಹೆಡ್‌ಶೆಲ್‌ನ ರಬ್ಬರ್ ವಾಷರ್‌ನಿಂದ ಸೂಜಿ ಮೊನೆಗೆ 52 ಮಿಲಿಮೀಟರ್ ಇಡುತ್ತದೆ, ಓವರ್‌ಹ್ಯಾಂಗ್ (ಸೂಜಿ ತಟ್ಟೆಯ ನಡುವನ್ನು ದಾಟುವ ದೂರ) 15 ಮಿಲಿಮೀಟರ್ ಸಿಗುತ್ತದೆ. ಕೆಟ್ಟದ್ದೇನಲ್ಲ. ಆದರೆ ಹೋಲಿಕೆಗೆ ಬೇರ್‌ವಾಲ್ಡ್ ಪ್ರೊಟ್ರ್ಯಾಕ್ಟರ್ (ಸೂಜಿಯ ಕೋನ ನೋಡುವ ಅಳತೆಪಟ್ಟಿ) ಮೇಲು. 66 ಮತ್ತು 120.9 ಮಿಲಿಮೀಟರ್‌ಗಳಲ್ಲಿ ಎರಡು ಶೂನ್ಯಬಿಂದು, ಅಂದರೆ ಕ್ಯಾಂಟಿಲಿವರ್ ಗ್ರೂವ್‌ಗೆ ನೇರವಾಗಿ ಕೂರುವ ಜಾಗಗಳು. ಕಾಗದದಲ್ಲಿ ಮುದ್ರಿಸಿದರೆ ಮೊದಲು ಸ್ಕೇಲ್‌ನಿಂದ ಅಳೆಯಿರಿ, ಪ್ರಿಂಟರ್ "ಪುಟಕ್ಕೆ ಹೊಂದಿಸು" ಎಂದು ಕುಗ್ಗಿಸಿದ್ದರೆ ಎಲ್ಲವೂ ತಪ್ಪು.

ಕ್ರಮ ಹೀಗಿರಲಿ. ಸ್ಕ್ರೂ ಸಡಿಲವಾಗಿ ಹಾಕಿ. ವಿಎಂ95, 2ಎಂ ಎರಡರ ಬಾಡಿಯಲ್ಲೇ ಸ್ಕ್ರೂ ಮರೆ (ಥ್ರೆಡ್) ಇದೆ, ನಟ್ ಬೇಡ. ಜೊತೆಗೆ ಬಂದ ಸ್ಕ್ರೂಗಳನ್ನೇ ಬಳಸಿ, ಬಿಗಿ ಮಾಡುವಾಗ ಬೆರಳ ತುದಿಯ ಬಲ ಸಾಕು, ಹೆಚ್ಚಾದರೆ ಮರೆ ಹೋಗುತ್ತದೆ. ಡಿಎಲ್-103ಕ್ಕೆ ನಟ್ ಬೇಕು. ತಂತಿಗಳು: ಬಿಳಿ ಎಡ ಪ್ಲಸ್, ನೀಲಿ ಎಡ ಮೈನಸ್, ಕೆಂಪು ಬಲ ಪ್ಲಸ್, ಹಸಿರು ಬಲ ಮೈನಸ್. ಒಂದು ಚಾನೆಲ್‌ನ ಜೋಡಿ ತಿರುಗಿದರೆ ಬೇಸ್ ಮಾಯ, ಗಾಯನ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದು. ಮೊದಲು ಭಾರ ಇಡಿ, ಆಮೇಲೆ ಶೂನ್ಯಬಿಂದುಗಳಲ್ಲಿ ಕ್ಯಾಂಟಿಲಿವರ್ ನೋಡಿ ಕೂರಿಸಿ, ಬಾಡಿಯ ಅಂಚು ನೋಡಿ ಅಲ್ಲ. ಬಿಗಿ ಮಾಡಿದ ಮೇಲೆ ಭಾರ ಮತ್ತೊಮ್ಮೆ ಅಳೆಯಿರಿ.

ಡಿಜಿಟಲ್ ತಕ್ಕಡಿಯ ಎತ್ತರ ತಟ್ಟೆಯ ಎತ್ತರಕ್ಕೇ ಇರಬೇಕು. ತಕ್ಕಡಿಯಲ್ಲಿ ಕಬ್ಬಿಣವಿದ್ದರೆ ಕಾರ್ಟ್ರಿಜ್‌ನ ಅಯಸ್ಕಾಂತ ಎಳೆದು ಅಂಕಿ ತಪ್ಪು ಬರುತ್ತದೆ, ಡಿಎಲ್-103ರಲ್ಲಿ ಇದು ಜೋರು. ಭಾರ ವಿಎಂ95ಕ್ಕೆ 2.0, ರೆಡ್‌ಗೆ 1.8, ಡಿಎಲ್-103ಕ್ಕೆ 2.5. ತಟ್ಟೆ ಉಳಿಯಲಿ ಎಂದು ಕಡಿಮೆ ಇಡಬೇಡಿ. ಹಗುರವಾಗಿ ಹಾರುವ ಸೂಜಿ ಗ್ರೂವ್‌ಗೆ ಮಾಡುವ ಗಾಯ 0.2 ಗ್ರಾಂ ಹೆಚ್ಚಿನ ಭಾರ ಮಾಡುವುದಿಲ್ಲ.

ಆಂಟಿಸ್ಕೇಟ್ (ಆರ್ಮ್ ತಟ್ಟೆಯ ಒಳಕ್ಕೆ ಸೆಳೆಯಲ್ಪಡುವುದನ್ನು ಸರಿದೂಗಿಸುವ ಹೊಂದಿಕೆ) ಅನ್ನು ಗ್ರೂವ್ ಇಲ್ಲದ ನುಣುಪು ತಟ್ಟೆಯಲ್ಲಿ ಹೊಂದಿಸಬೇಡಿ, ಅಲ್ಲಿ ಎಳೆತ ಬೇರೆ. ಡಯಲ್ ಅನ್ನು ಭಾರದ ಅಂಕಿಗೇ ಇಟ್ಟು ಜೋರಾದ ಭಾಗ ಕೇಳಿ. ಬಲ ಚಾನೆಲ್ ಮೊದಲು ಕರಕರ ಎಂದರೆ ಆಂಟಿಸ್ಕೇಟ್ ಹೆಚ್ಚಿಸಿ, ಎಡ ಎಂದರೆ ಇಳಿಸಿ.

ಹಳೇಪ್ಲೇಟು:

ಇದುವರೆಗಿನ ಮಾತೆಲ್ಲ ಒಳ್ಳೆಯ ಸ್ಥಿತಿಯ ಸ್ಟೀರಿಯೋ ಎಲ್‌ಪಿಗಳಿಗೆ. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಕೋಲ್ಕತ್ತಾದ ದಮ್‌ದಮ್ ಕಾರ್ಖಾನೆಯಲ್ಲಿ ಅಚ್ಚಾದ ಎಚ್‌ಎಂವಿ, ಕೊಲಂಬಿಯಾ ತಟ್ಟೆಗಳು, ಅದರಲ್ಲೂ ಕನ್ನಡ ಚಿತ್ರಗೀತೆಗಳ ಮೋನೋ ಇಪಿಗಳು. ಹಳೆಯ ಪ್ಲೇಯರ್‌ಗಳ ಸೆರಾಮಿಕ್ ಕಾರ್ಟ್ರಿಜ್‌ನ ಹೆಚ್ಚಿನ ಭಾರದಲ್ಲಿ ವರ್ಷಗಟ್ಟಲೆ ಓಡಿದಂಥವು. ಅವುಗಳಲ್ಲಿ ಹೋಲಿಕೆ ಬೇರೆಯೇ ಆಗುತ್ತದೆ.

ಹಳೆಯ ಕೋನಿಕಲ್ ಸೂಜಿ ಗೋಡೆಯ ಒಂದು ಎತ್ತರದಲ್ಲಿ ಸವೆಸಿರುತ್ತದೆ. ಮೈಕ್ರೋಲೈನ್ ಗೋಡೆಯನ್ನು ಮೇಲಿಂದ ಕೆಳಗೆ ಉದ್ದಕ್ಕೆ ತಾಗುವುದರಿಂದ ಸವೆಯದ ಭಾಗವನ್ನೂ ಓದುತ್ತದೆ. ಕೆಲವು ತಟ್ಟೆಗಳು ಇದರಿಂದ ಮರುಜೀವ ಪಡೆಯುತ್ತವೆ. ಇನ್ನು ಕೆಲವದರಲ್ಲಿ ಅದೇ ಎಂಎಲ್ ಗೀರು, ಕೊಳೆಯನ್ನೆಲ್ಲ ಎತ್ತಿ ತೋರಿಸುತ್ತದೆ, ಕೋನಿಕಲ್ಲೇ ಹಿತ. ಹೊರಗಿಂದ ನೋಡಿ ಹೇಳಲಾಗದು, ಎರಡೂ ಸೂಜಿಯಲ್ಲಿ ಹಾಕಿ ನೋಡಬೇಕು. ವಿಎಂ95 ಬಾಡಿಯ ನಿಜವಾದ ಲಾಭ ನನ್ನ ಪ್ರಕಾರ ಇಲ್ಲಿದೆ.

ಮೋನೋ ತಟ್ಟೆ ಹಾಕಿದಾಗ ಆಂಪ್‌ನ ಮೋನೋ ಸ್ವಿಚ್ ಒತ್ತಿ. ಮೋನೋ ಗ್ರೂವ್‌ನಲ್ಲಿ ಸಂಗೀತ ಅಡ್ಡಡ್ಡಕ್ಕೆ ಮಾತ್ರ ಇದೆ. ಮೇಲೆಕೆಳಗಿನ ಅಲುಗಾಟವೆಲ್ಲ ಸದ್ದು. ಎರಡು ಚಾನೆಲ್ ಕೂಡಿದಾಗ ಆ ಸದ್ದು ರದ್ದಾಗುತ್ತದೆ. ಕಾರ್ಟ್ರಿಜ್ ಬದಲಿಸಿ ಸಿಗುವ ಸುಧಾರಣೆಗಿಂತ ಇದು ದೊಡ್ಡದು.

ಕರಾವಳಿ, ಮಲೆನಾಡಿನ ತಟ್ಟೆಗಳಲ್ಲಿ ಬೂಷ್ಟು ಇರುತ್ತದೆ. ತೊಳೆಯದೆ ಹೋಲಿಸಬೇಡಿ. ಮೊದಲ ಸುತ್ತಿನಲ್ಲಿ ಒಂದು ಸೂಜಿ ಕೊಳೆ ಕೆದಕಿ ಹೊರಹಾಕಿದರೆ ಎರಡನೆಯ ಸೂಜಿಗೆ ಶುದ್ಧ ಗ್ರೂವ್ ಸಿಗುತ್ತದೆ, ಗೆಲುವು ಅದರದ್ದೇ.

ಕೆರೆದಂಡೆ:

78ರ ತಟ್ಟೆಗಳಿಗೂ ಇದೇ ಬಾಡಿ ನಡೆಯುತ್ತದೆಯೆ?

ಹಳೇಪ್ಲೇಟು:

ನಡೆಯುತ್ತದೆ, ವಿಎಂ95ಎಸ್‌ಪಿ ಸೂಜಿ ಹಾಕಿದರೆ. ಮೊನೆ 3 ಮಿಲ್, ಅಂದರೆ 76 ಮೈಕ್ರಾನ್. ಭಾರ 5 ಗ್ರಾಂ. ಬಹಳ ಆರ್ಮ್‌ಗಳ ಡಯಲ್‌ನಲ್ಲಿ 5 ಬರುವುದಿಲ್ಲ, ತಕ್ಕಡಿ ನೋಡಿಯೇ ಇಡಬೇಕು. ಎಲ್‌ಪಿಯ ಸೂಜಿಯನ್ನು 78ಕ್ಕೆ ಹಾಕಿದರೆ ಮೊನೆ ಗ್ರೂವ್‌ನ ತಳಕ್ಕೆ ಬಿದ್ದು ಬರೀ ಗರಗರ ಓದುತ್ತದೆ, ಸೂಜಿಯೂ ಹಾಳು. ಎಲ್‌ಪಿಗೆ ಎಸ್‌ಪಿ ಸೂಜಿ ಹಾಕಿದರೆ ತಟ್ಟೆ ಹಾಳು.

ಗಂಗೂಬಾಯಿ ಹಾನಗಲ್ಲರು "ಗಾಂಧಾರಿ" ಎಂಬ ಹೆಸರಿನಲ್ಲಿ ಹಾಡಿದ ಎಚ್‌ಎಂವಿ ತಟ್ಟೆಗಳ ಕಾಲದವಕ್ಕೆ ಆರ್‌ಐಎಎ ಈಕ್ವಲೈಸೇಶನ್ (ಎಲ್‌ಪಿ ಕೊರೆಯುವಾಗ ಏರಿಸಿದ ಮೇಲ್‌ಸ್ವರಗಳನ್ನು ಫೋನೋ ಸ್ಟೇಜ್ ಮತ್ತೆ ಇಳಿಸುವ ಹೊಂದಿಕೆ) ಸರಿಹೋಗುವುದಿಲ್ಲ. ಆರ್‌ಐಎಎ 10 ಕಿಲೋಹರ್ಟ್ಜ್‌ನಲ್ಲಿ ಸುಮಾರು 13.7 ಡೆಸಿಬೆಲ್ ಇಳಿಸುತ್ತದೆ. ಆ ತಟ್ಟೆಗಳಲ್ಲಿ ಆ ಏರಿಕೆಯೇ ಇಲ್ಲ. ದನಿ ಕಂಬಳಿ ಹೊದ್ದ ಹಾಗೆ ಕೇಳಿದರೆ ಕಾರ್ಟ್ರಿಜ್ ದೂರಬೇಡಿ. ಯಂತ್ರದಲ್ಲಿ 78 ಇಲ್ಲದಿದ್ದರೆ 45ರಲ್ಲಿ ಓಡಿಸಿ, ಈಕ್ವಲೈಸೇಶನ್ ಇಲ್ಲದೆ ಕಂಪ್ಯೂಟರ್‌ಗೆ ತುಂಬಿಸಿ, ಆಡಾಸಿಟಿ ತಂತ್ರಾಂಶದಲ್ಲಿ ವೇಗ 73.3 ಶೇಕಡಾ ಹೆಚ್ಚಿಸಿ, ಆಮೇಲೆ ಈಕ್ವಲೈಸೇಶನ್ ಕರ್ವ್ ಹಾಕಿ. ಕರ್ವ್ ಮೊದಲು ಹಾಕಿದರೆ ತಿರುವುಗಳೆಲ್ಲ ತಪ್ಪು ಜಾಗಕ್ಕೆ ಬೀಳುತ್ತವೆ.

ತೊಳೆಯುವಾಗ ಒಂದು ಎಚ್ಚರ: 78ರ ಅರಗಿನ ತಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಲೇಬೇಡಿ, ಕರಗುತ್ತದೆ. ಡಿಸ್ಟಿಲ್ಡ್ ನೀರು, ಒಂದೆರಡು ತೊಟ್ಟು ಸೌಮ್ಯ ಡಿಟರ್ಜೆಂಟ್, ಕೂಡಲೇ ಒರೆಸಿ.

ಮೈಕ್ರೋಫ್ಯಾರಡ್:

ಹೋಲಿಸಲು ನೆನಪನ್ನು ನಂಬಬೇಡಿ. ಸೂಜಿ ಬದಲಿಸಲು 1 ನಿಮಿಷ, ಕಾರ್ಟ್ರಿಜ್ ಬದಲಿಸಲು 30 ನಿಮಿಷ. ಅಷ್ಟರಲ್ಲಿ ಕಿವಿ ಮೊದಲಿನ ದನಿಯನ್ನು ಮರೆತಿರುತ್ತದೆ. ಒಂದೇ ತಟ್ಟೆಯ ಮೊದಲ ಮತ್ತು ಕೊನೆಯ ಹಾಡಿನ 1 ನಿಮಿಷದ ತುಣುಕುಗಳನ್ನು ಪ್ರತಿ ಸೂಜಿಯಲ್ಲೂ 24 ಬಿಟ್, 96 ಕಿಲೋಹರ್ಟ್ಜ್‌ನಲ್ಲಿ ತುಂಬಿಸಿ. ಅತಿ ಜೋರಿನ ಜಾಗ ಮೈನಸ್ 6 ಡೆಸಿಬೆಲ್ ಮೀರದಿರಲಿ. ಆಡಾಸಿಟಿಯಲ್ಲಿ ಆರ್‌ಎಂಎಸ್ (ಸರಾಸರಿ ಜೋರಿನ) ಮಟ್ಟ ಹೊಂದಿಸಿ, ಆರಂಭದ ಬಿಂದು ಸರಿಪಡಿಸಿ, ಫೂಬಾರ್2000 ತಂತ್ರಾಂಶದ ಎಬಿಎಕ್ಸ್‌ನಲ್ಲಿ (ಎಕ್ಸ್ ಎಂಬ ತುಣುಕು ಎಯೋ ಬಿಯೋ ಎಂದು ಕೇಳಿಯೇ ಹೇಳುವ ಪರೀಕ್ಷೆ) 16 ಸಲ ಕೇಳಿ. 12 ಅಥವಾ ಹೆಚ್ಚು ಸರಿಯಾದರೆ ಊಹೆಯಿಂದ ಅಷ್ಟು ಬರುವ ಸಾಧ್ಯತೆ 4 ಶೇಕಡಾಕ್ಕಿಂತ ಕಡಿಮೆ. ಚಿಟಪಟ ಸದ್ದು ಇಲ್ಲದ ತುಣುಕು ಆರಿಸಿ, ಇಲ್ಲದಿದ್ದರೆ ಸಂಗೀತ ಬಿಟ್ಟು ಗೀರಿನ ಸದ್ದಿನಿಂದಲೇ ಗುರುತು ಹಿಡಿಯುತ್ತೀರಿ.

ಜೀವಾಳ:

ಎಬಿಎಕ್ಸ್ ಬೇಕು, ಒಪ್ಪುತ್ತೇನೆ. ಆದರೆ 1 ನಿಮಿಷದ ತುಣುಕಿನಲ್ಲಿ ಸಿಗದ ಸಂಗತಿಯೂ ಇದೆ. 22 ನಿಮಿಷದ ಆಲಾಪನೆ ಪೂರ್ತಿ ಕೇಳಿ ಕಿವಿ ದಣಿಯಿತೇ ಎಂದು ನೋಡಿ. 9 ಕಿಲೋಹರ್ಟ್ಜ್ ಉಬ್ಬು ತುಣುಕಿನಲ್ಲಿ "ಸ್ಪಷ್ಟತೆ" ಎನ್ನಿಸುತ್ತದೆ, ಪಿಟೀಲಿನ ಮೇಲ್‌ಸ್ಥಾಯಿಯಲ್ಲಿ ಅರ್ಧ ಗಂಟೆ ಕಳೆದ ಮೇಲೆ ಚುಚ್ಚುತ್ತದೆ. ಎರಡೂ ಕ್ರಮ ಇರಲಿ, ವಾಲ್ಯೂಮ್ ಹೊಂದಿಸುವುದು ಎರಡಕ್ಕೂ ಕಡ್ಡಾಯ.

ಮೈಕ್ರೋಫ್ಯಾರಡ್:

ಅದಕ್ಕೆ ನನ್ನ ತಕರಾರಿಲ್ಲ. ದಣಿವು ಕಂಡಾಗ ಮೊದಲು ಕೆಪಾಸಿಟೆನ್ಸ್ ಇಳಿಸಿ ನೋಡಿ, ಆಮೇಲೆ ಕಾರ್ಟ್ರಿಜ್ ಬದಲಿಸುವ ಮಾತು.

ಕೆರೆದಂಡೆ:

ಕೊನೆಯ ಪ್ರಶ್ನೆ. ಈಗ ಹಸಿರು ಇ ಸೂಜಿ ಇದೆ, ಸವೆದಿದೆ. ಎಂಎಲ್ ಕೊಳ್ಳಲೇ, ಅಥವಾ ಅದೇ ಹಣದಲ್ಲಿ ಬೇರೆ ಕಾರ್ಟ್ರಿಜ್?

ತಿರುಗುಮಣೆ:

ಎಂಎಲ್. ಕಂಪನಿ ಕೊಟ್ಟಿರುವ ಆಯುಸ್ಸು ಎಲಿಪ್ಟಿಕಲ್‌ಗೆ 300 ಗಂಟೆ, ಕೋನಿಕಲ್‌ಗೆ 500, ಮೈಕ್ರೋಲೈನ್‌ಗೆ 1000. ಗಂಟೆಯ ಲೆಕ್ಕದಲ್ಲಿ ಹಾಕಿದರೆ ಬೆಲೆಯ ಅಂತರ ಬಹಳ ತಗ್ಗುತ್ತದೆ. ಅಧಿಕೃತ ಮಾರಾಟಗಾರರಲ್ಲೇ ಕೊಳ್ಳಿ, ಕೆಂಪು ಪ್ಲಾಸ್ಟಿಕ್‌ನಲ್ಲಿ ಬೇರೆ ಮೊನೆ ಕೂರಿಸಿದ ನಕಲು ಬರಿಗಣ್ಣಿಗೆ ತಿಳಿಯುವುದಿಲ್ಲ. ಸವೆದ ಹಸಿರನ್ನು ಒಳ್ಳೆಯ ತಟ್ಟೆಗೆ ಇನ್ನು ಹಾಕಬೇಡಿ. ಮೋನೋ ಇಪಿಗಳಿಗಾಗಿ ನೀಲಿ ಸಿ ಒಂದು ಜೊತೆಗಿರಲಿ. ಸೂಜಿ ಬದಲಿಸುವಾಗ ಆಂಪ್‌ನ ವಾಲ್ಯೂಮ್ ಪೂರ್ತಿ ಇಳಿಸಿ, ಹೆಡ್‌ಶೆಲ್ ಆರ್ಮ್‌ನಿಂದ ಕಳಚಿ, ಕ್ಯಾಂಟಿಲಿವರ್ ಮುಟ್ಟದೆ ಪ್ಲಾಸ್ಟಿಕ್‌ನ ಎರಡು ಪಕ್ಕ ಹಿಡಿದು ಎಳೆಯಿರಿ. ಹೊಸದು ಕೂತಾಗ ಟಕ್ ಎಂದು ಸದ್ದು ಬರಬೇಕು. ಬಾಡಿಗೂ ಸೂಜಿಯ ಭಾಗಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಒಂದು ಚಾನೆಲ್ ಕುಗ್ಗುತ್ತದೆ.